ಸೋಮವಾರದ ಪಾಳಿ

ಆ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನಗೆ ಬಂದಷ್ಟು ಸಿಟ್ಟು ಯಾವ ಮನುಷ್ಯರ ಮೇಲೂ ಬಂದಿರಲಿಲ್ಲ. ಬಸವಕಲ್ಯಾಣದ ನಮ್ಮ ಓಣಿಯ ಗುಡಿಯ ಪಡಸಾಲೆ. ಹೆಂಗಸರೆಲ್ಲ ಜಮಖಾನೆಯ ಮೇಲೆ ಎರಡು ಸಾಲಾಗಿ ಕೂತಿದ್ದಾರೆ. ಸಾಲಿನ ತುದಿಗೆ, ಎಲ್ಲರಿಗಿಂತ ಎತ್ತರಕ್ಕೆ, ಬೆನ್ನಿಗೆ ಹೊಸ ಟವೆಲು ಹೊದ್ದುಕೊಂಡು ಅದೊಂದು ನಿಂತಿತ್ತು. ಅದನ್ನು ಹಾಕಿದ್ದು ನನಗೆ.

ಸಿಟ್ಟು ಯಾಕೆ ಅಂತ ತಿಳಿಯಬೇಕಾದರೆ ನಮ್ಮ ಭಜನಿಯ ಪದ್ಧತಿ ಗೊತ್ತಿರಬೇಕು. ಸೋಮವಾರ ದೀಪ ಹಚ್ಚಿದ ಮೇಲೆ ಓಣಿಯ ಹೆಂಗಸರು ಎದುರುಬದುರು ಕೂಡುತ್ತಾರೆ. ಒಬ್ಬಳು ತಾಳ ಹಿಡಿದು ಮುಂದೆ ಹಾಡಿದರೆ ಉಳಿದವರು ಹಿಂದೆ ಹಾಡುತ್ತಾರೆ. ಪದ ಮುಗಿದರೆ ತಾಳ ಪಕ್ಕದವಳ ಕೈಗೆ ಹೋಗುತ್ತದೆ. ಇನ್ನು ಅವಳ ಪಾಳಿ. ದನಿ ಒಡಕು ಅಂತ ಯಾರನ್ನೂ ದಾಟಿಸುವಂತಿಲ್ಲ. ಕೇಳುವುದಕ್ಕೆ ಅಂತ ಬಂದು ಕೂಡುವವರು ಅಲ್ಲಿ ಇಲ್ಲವೇ ಇಲ್ಲ. ಒಬ್ಬೊಬ್ಬಳದು ಒಂದೊಂದು ಪದ; ತಾಯಿ ತೀರಿಕೊಂಡರೆ ಅವಳ ಪಾಳಿಯೂ ಪದವೂ ಮಗಳಿಗೋ ಸೊಸೆಗೋ ಬರುತ್ತವೆ. ಯಾರಾದರೂ ಊರಲ್ಲಿ ಇರದಿದ್ದರೆ ಮಗ್ಗುಲಿನವಳು ತನ್ನ ಪದ ಮುಗಿಸಿ, ತಾಳ ನೆಲಕ್ಕಿಡದೆ, ‘ಇದು ಅಕೀದು’ ಅಂತ ಹೇಳಿ ಇರದವಳ ಪದವನ್ನೂ ಹಾಡಬೇಕು.

ಅವ್ವ ಸತ್ತ ಮೇಲೆ ಅವಳ ಪಾಳಿ ನನಗೆ ಬಂತು. ಬಂದು ವರ್ಷವೂ ಆಗಿರಲಿಲ್ಲ, ನಾನು ಮಸ್ಕತ್‌ನ ಒಂದು ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಹೋದೆ. ಅದು ತೊಂಬತ್ತರ ದಶಕದ ನಡುವಿನ ಮಾತು. ಹೋಗುವ ಮುಂಚೆ ಮಗ್ಗುಲ ಮನೆಯ ದೊಡ್ಡವ್ವನ ಕೈ ಹಿಡಿದು ನನ್ನ ಪಾಳಿ ನೋಡಿಕೊಳ್ಳಲು ಕೇಳಿದ್ದೆ. ಸಂಬಂಧದಲ್ಲಿ ಏನೂ ಅಲ್ಲ, ಆದರೆ ಅವ್ವನ ಜೊತೆ ಜೀವಮಾನವಿಡೀ ಆ ಸಾಲಿನಲ್ಲಿ ಕೂತವಳು. ಕೇಳಿದ್ದಕ್ಕೇ ಬೈದಳು. ಇದನ್ನೂ ಹೇಳಿಸಿಕೊಳ್ಳಬೇಕೇನು ಎಂದಳು.

ಮಸ್ಕತ್‌ನಲ್ಲಿ ನನ್ನ ದಿನ ಅಂದರೆ ಬೆಳಿಗ್ಗೆ ಆಸ್ಪತ್ರೆಯ ವ್ಯಾನು, ಮಂದಿಯ ರಕ್ತದ ಸೀಸೆಗಳು, ಸಂಜೆ ವ್ಯಾನು, ನಾಲ್ಕು ರಾಜ್ಯದ ಹೆಂಗಸರಿಗೆ ಒಂದೇ ಅಡುಗೆಮನೆ. ಜೋಳದ ಹಿಟ್ಟು ಸಿಕ್ಕರೆ ಅವತ್ತು ಹಬ್ಬ. ಶುಕ್ರವಾರ ರಜೆ. ವರ್ಷಕ್ಕೆರಡು ಸಲ ಅಲ್ಲಿನ ಕನ್ನಡ ಸಂಘದವರು ಕರ್ನಾಟಕದಿಂದ ಗಾಯಕರನ್ನು ವಿಮಾನದಲ್ಲಿ ಕರೆಸಿ ಲೈವ್ ಕಾರ್ಯಕ್ರಮ ಮಾಡುತ್ತಿದ್ದರು. ಮೊದಲ ಸಲ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗಿದ್ದೆ. ಗಾಯಕ ನೀರು ಕುಡಿಯಲು ಮೈಕು ಇಳಿಸಿದ; ಹಾಡು ತನ್ನ ಪಾಡಿಗೆ ತಾನು ನಡೆದೇ ಇತ್ತು. ನನ್ನ ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಲೈವ್ ಅಂತೆ. ನನ್ನ ಮೈ ಉರಿದುಹೋಯಿತು.

ಅದನ್ನಾದರೂ ಸಹಿಸಬಹುದು. ನಡುವೆ ಒಬ್ಬ ನಗಿಸುವವನು ಬಂದು ಬೀದರ ಕಡೆಯವರ ಹಾಗೆ ಮಾತಾಡಲು ಶುರುಮಾಡಿದ. ನಮ್ಮ ಕಡೆ ಯಾರೂ ಹಾಗೆ ಮಾತಾಡುವುದಿಲ್ಲ. ‘ಯಾಕ’, ‘ಹ್ಯಾಂಗ’ ಎಂದು ಗಂಟಲು ಹರಿಯುವ ಹಾಗೆ ಕಿರುಚಿದರೆ ಅವನ ಲೆಕ್ಕದಲ್ಲಿ ಬೀದರ ಆಯಿತು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನ ಒಬ್ಬ ಹೆಂಗಸು, ಪರಿಚಯದವಳೇ, ಹಿಂದೆ ತಿರುಗಿ ನಾನು ನಗುತ್ತಿದ್ದೇನೋ ಇಲ್ಲವೋ ಅಂತ ನೋಡಿದಳು. ಸಂಘದ ಅದೇ ಮಂದಿ ಮರುವರ್ಷ ನನ್ನನ್ನು ಭಕ್ತಿಗೀತೆ ಹಾಡಲು ಕೇಳಿದರು. ಅಭ್ಯಾಸಕ್ಕೆ ಹೋದರೆ, ದನಿ ಚೆನ್ನಾಗಿದೆ, ಉಚ್ಚಾರ ಮಾತ್ರ ಸ್ವಲ್ಪ ಶುದ್ಧ ಮಾಡಿಕೊಂಡು ಬನ್ನಿ ಎಂದರು. ನನ್ನ ಅವ್ವನ ಬಾಯಿಂದ ಬಂದದ್ದನ್ನು ಇವರು ತೊಳೆದುಕೊಡುತ್ತಾರಂತೆ. ಚಪ್ಪಲಿ ಮೆಟ್ಟಿ ಎದ್ದುಬಂದೆ. ನಾನು ಹಾಡುವ ಜಾಗ ಬೇರೆ ಇದೆ, ಅಲ್ಲಿ ನನ್ನ ಪಾಳಿ ಇದೆ ಅನ್ನುವುದೊಂದೇ ಧೈರ್ಯವಾಗಿತ್ತು. ಸೋಮವಾರ ಸಂಜೆ ಎಲ್ಲೇ ಇದ್ದರೂ ದೊಡ್ಡವ್ವ ಈಗ ತಾಳ ಎತ್ತಿರುತ್ತಾಳೆ ಅಂದುಕೊಳ್ಳುತ್ತಿದ್ದೆ.

ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ, ಅದೂ ಒಂದು ವಾರದ ಮಟ್ಟಿಗೆ. ಅದರಲ್ಲಿ ಒಮ್ಮೆಯೂ ಸೋಮವಾರ ಸರಿಯಾಗಿ ಸಿಗಲಿಲ್ಲ. ಒಮ್ಮೆ ಓಣಿಯಲ್ಲಿ ಸೂತಕ, ಒಮ್ಮೆ ಹುಮನಾಬಾದಿನಲ್ಲಿ ಅಕ್ಕನ ಮಗಳ ಮದುವೆ, ಒಮ್ಮೆ ನನಗೇ ಟೈಫಾಯ್ಡ್. ಅಷ್ಟರಲ್ಲಿ ದೊಡ್ಡವ್ವ ಫೋನಿನಲ್ಲಿ, ಹೊರಗಿನ ರಸ್ತೆಯ ಟ್ರಕ್ಕುಗಳ ಹಾರ್ನಿನಲ್ಲಿ ಮುದುಕಿಯರ ದನಿ ಎದುರಿನ ಸಾಲಿಗೂ ಮುಟ್ಟುತ್ತಿಲ್ಲ ಎಂದಳು. ನಾನು ಒಂದು ಮೈಕ್ ಸೆಟ್ ಕಳಿಸಿದೆ. ಕಳಿಸಿ ಮರೆತುಬಿಟ್ಟೆ. ಓಣಿಯವರು ಮರೆಯಲಿಲ್ಲ.

ಹೋಗಿ ಸುಮಾರು ಹತ್ತು ವರ್ಷವಾದ ಮೇಲೆ ಒಂದು ಬೇಸಿಗೆಯಲ್ಲಿ ಸೋಮವಾರ ಕೂಡಿಬಂತು. ಹೈದರಾಬಾದಿನ ಬಸ್ಸು ಹುಮನಾಬಾದಿನಲ್ಲಿ ಇಳಿಸಿದಾಗಲೇ ಮರ್ಯಾದೆ ಶುರುವಾಯಿತು. ಸೂಟ್‌ಕೇಸು ನೋಡಿದ ಕೂಡಲೇ ಕಲ್ಯಾಣದ ಜೀಪಿನವನು ಮುಂದೆ ಕೂತಿದ್ದ ಮುದುಕನನ್ನು ಎಬ್ಬಿಸಿ, ಫಾರಿನ್‌ದವರು ಮುಂದ ಕೂಡ್ರಿ ಎಂದ. ಬೇಡ ಅಂದರೂ ಮುದುಕ ತಾನೇ ಕೈಮುಗಿದು ಹಿಂದೆ ಹೋದ. ಹುಟ್ಟಿದಾಗಿನಿಂದ ಆ ಜೀಪುಗಳಲ್ಲಿ ಮಂದಿಯ ತೊಡೆಯ ಮೇಲೆ, ಗಂಟಿನ ಮೇಲೆ ಕೂತು ಓಡಾಡಿದವಳು ನಾನು. ದಾರಿಯುದ್ದಕ್ಕೂ ಕುತ್ತಿಗೆ ಹೊರಳಿಸದೆ ಕೂತೆ.

ಸೋಮವಾರ ಸಂಜೆ ಗುಡಿಗೆ ಹೋದರೆ ಕುರ್ಚಿ. ಬಾಗಿಲಲ್ಲೇ ನಿಂತಿದ್ದವಳು ಭಜನಿಯ ಸೆಕ್ರೆಟರಿ. ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನವಳು, ಗಂಡನಿಗೆ ಇಲ್ಲಿ ಗ್ಯಾರೇಜು, ನಮ್ಮ ಓಣಿಗೆ ಬಾಡಿಗೆಗೆ ಬಂದು ಸ್ವಲ್ಪ ಕಾಲವಾಗಿತ್ತಷ್ಟೆ. ಅಕ್ಕಾರ ಬರ್ರಿ, ಅಕ್ಕಾರ ಮ್ಯಾಲ ಕೂಡ್ರಿ ಅಂತ ನನ್ನ ರಟ್ಟೆ ಹಿಡಿದು ಕರೆದೊಯ್ದಳು. ನಾನು ಕೆಳಗೇ ಕೂಡುತ್ತೇನೆ ಅಂದೆ. ದಾನಿಗಳು ನೆಲದ ಮೇಲೆ ಕೂತರೆ ಛಲೋ ಕಾಣುವುದಿಲ್ಲ ಎಂದಳು. ಮೈಕಿನ ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ‘ಮಸ್ಕತ್ ದಾನಿಗಳು’ ಎಂದು ಬರೆಸಿದ್ದರು. ತಡೆಯುವಷ್ಟರಲ್ಲಿ ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಬಿಸಿಲಿಗೆ ಜೀವ ಹೋಗುತ್ತಿರುವ ದಿನ, ಮೈಮೇಲೆ ಉಣ್ಣೆಯ ಶಾಲು. ಅವಳು ಮಾತ್ರ ಹೋಗಿ ದೊಡ್ಡವ್ವನ ಎಡಕ್ಕೆ ಕೂತಳು. ಅದು ನನ್ನ ಜಾಗ. ಅವ್ವ ಕೂಡುತ್ತಿದ್ದ ಜಾಗ.

ಪದಗಳು ಶುರುವಾದವು. ತಾಳ ಒಬ್ಬರಿಂದೊಬ್ಬರಿಗೆ ಬರುತ್ತಿತ್ತು. ನಾನು ತೆಂಗಿನಕಾಯಿ ಹಿಡಿದುಕೊಂಡು ನೋಡುತ್ತಿದ್ದೆ. ಮಸ್ಕತ್‌ನಲ್ಲಿ ನೋಡುವುದು, ಇಲ್ಲೂ ನೋಡುವುದು. ಅಲ್ಲಿ ನನ್ನ ಮಾತು ಹೊಲಸು, ಇಲ್ಲಿ ನಾನು ದೊಡ್ಡ ಮನುಷ್ಯಳು. ಎರಡು ಕಡೆಯೂ ಬಾಯಿ ಮುಚ್ಚಿಕೊಂಡು ಕೂಡಬೇಕು. ದೊಡ್ಡವ್ವನ ಪಾಳಿ ಬಂತು. ಅರ್ಧಕ್ಕೇ ಅವಳಿಗೆ ದಮ್ಮು ಹತ್ತಿತು, ಹೇಗೋ ಮುಗಿಸಿದಳು. ಇನ್ನು ಅವಳೇ ನನ್ನನ್ನು ಕರೆಯುತ್ತಾಳೆ ಅಂದುಕೊಂಡು ಶಾಲು ಸರಿಸಿದೆ. ಅವಳು ನನ್ನ ಕಡೆ ನೋಡದೆ ತಾಳವನ್ನು ಎಡಕ್ಕೆ ಕೊಟ್ಟಳು. ಸೆಕ್ರೆಟರಿ ತಾಳ ಹಣೆಗೊತ್ತಿಕೊಂಡು, ಮೈಕಿನಲ್ಲಿ, ‘ಇದು ಅಕೀದು’ ಎಂದಳು.

ಇರದವಳ ಹೆಸರಿನಲ್ಲಿ ಹೇಳುವ ಮಾತು ಅದು. ನಾನು ಮಾರು ದೂರದಲ್ಲಿ, ಜೀವಂತ, ಬೆವರುತ್ತ ಕೂತಿದ್ದೆ.

ಎದ್ದೆ. ಶಾಲನ್ನು ಕುರ್ಚಿಯ ಮೇಲೆ ಒಗೆದೆ. ಕಾಯಿ ಉರುಳಿಕೊಂಡು ಎದುರಿನ ಸಾಲಿಗೆ ಹೋಯಿತು. ಜಮಖಾನೆಯ ಮೇಲೆ ಇಬ್ಬರ ನಡುವೆ ನುಗ್ಗಿ ಕೂತು ಅವಳ ಕೈಯಿಂದ ತಾಳ ಕಿತ್ತುಕೊಂಡೆ.

“ಅಕಿ ಇಲ್ಲೇ ಅದಾಳ,” ಎಂದೆ.

ಅವ್ವನ ಪದವನ್ನೇ ಎತ್ತಿಕೊಂಡೆ. ಸಿಟ್ಟಿನಲ್ಲಿ ಶ್ರುತಿ ಮೇಲಾಯಿತು, ಆದರೂ ಹೆಂಗಸರು ಹಿಂದೆ ಹಾಡಿದರು. ಪಲ್ಲವಿ ಆಯಿತು, ಮೊದಲ ನುಡಿ ಆಯಿತು. ಎರಡನೇ ನುಡಿಗೆ ಬಾಯಿ ತೆರೆದೆ. ಏನೂ ಬರಲಿಲ್ಲ. ಪಲ್ಲವಿಗೆ ಹಿಂತಿರುಗಿ ಮತ್ತೆ ಬಂದೆ, ಆಗಲೂ ಇಲ್ಲ. ಅಷ್ಟು ವರ್ಷ ನನ್ನದು ನನ್ನದು ಅಂತ ಎದೆಯಲ್ಲಿಟ್ಟುಕೊಂಡಿದ್ದ ಪದ, ಅದರ ನಡು ಖಾಲಿಯಾಗಿತ್ತು. ಆಗ ನನ್ನ ಕಿವಿಯ ಹತ್ತಿರ, ಮೈಕಿಗೆ ಕೇಳದ ಹಾಗೆ, ಸೆಕ್ರೆಟರಿ ಎರಡನೇ ನುಡಿಯ ಮೊದಲ ಸಾಲು ಹೇಳಿಕೊಟ್ಟಳು. ಅವ್ವ ಎಳೆಯುತ್ತಿದ್ದಲ್ಲೇ ಎಳೆದು, ಅವ್ವ ತಿರುವುತ್ತಿದ್ದಲ್ಲೇ ತಿರುವಿ. ಒಂದೊಂದೇ ಸಾಲು ಅವಳು ಹೇಳಿಕೊಟ್ಟ ಹಾಗೆ ಹಾಡಿ ಮುಗಿಸಿದೆ. ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದು ಕಣ್ಣು ಉರಿಯುತ್ತಿದ್ದವು.

“ನನ್ನ ಪಾಳಿ ಇಕಿಗಿ ಯಾಕ ಕೊಟ್ಟಿ?” ಎಂದು ದೊಡ್ಡವ್ವನನ್ನು ಕೇಳಿದೆ.

“ನನಗ ಒಂದ ಪದಕ್ಕ ದಮ್ಮು ಸಾಲವಲ್ದು,” ಎಂದಳು ದೊಡ್ಡವ್ವ. “ಬಿಟ್ಟಿದ್ರ ನಿಮ್ಮವ್ವನ ಪದ ಹೋಗತಿತ್ತು, ಅದಕ್ಕ ನಾನ ಇಕಿಗಿ ಕಲಿಸೀನಿ. ಇಕಿಗಿ ಇಲ್ಲಿ ತಾಯಿ ಇಲ್ಲ, ಅತ್ತಿ ಇಲ್ಲ, ಪಾಳಿ ಎಲ್ಲಿಂದ ಬರಬೇಕು? ನಿಂದ ಹಾಡಾಕತ್ತಾಳ.”

ಆಗ ಕುರ್ಚಿಯ ಅರ್ಥವಾಯಿತು. ನಾನು ಕೆಳಗೆ ಕೂತರೆ ಅವಳಿಗೆ ಆ ಸಾಲಿನಲ್ಲಿ ಹಾಡಲು ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ಶಾಲು, ಕಾಯಿ, ಅಕ್ಕಾರ ಬರ್ರಿ. ಅರ್ಥವಾದರೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಅವಳನ್ನು ಬೈಯಲೂ ಬಾರದ ಹಾಗೆ ಮಾಡಿಬಿಟ್ಟಳಲ್ಲ ಅಂತ ಇನ್ನಷ್ಟು ಏರಿತು.

“ಬರೋ ಸೋಮವಾರ ಇರ್ತೀಯೇನು?” ಎಂದು ದೊಡ್ಡವ್ವ ಕೇಳಿದಳು.

ಶನಿವಾರ ನನ್ನ ವಿಮಾನ. ಅವಳಿಗೂ ಗೊತ್ತಿತ್ತು. ಸುತ್ತ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಸೆಕ್ರೆಟರಿಯ ಕಡೆಗೆ ತಾಳ ಚಾಚಿದೆ. ಪ್ರೀತಿಯಿಂದ ಏನೂ ಅಲ್ಲ.

“ಕೊಟ್ಟಿಲ್ಲ ನಿನಗ. ಹಿಡ್ಕೊ ಅಂತ ಹೇಳಾಕತ್ತೀನಿ,” ಎಂದೆ. “ಅಕೀದು ಅನ್ನೋದು ಬಿಡಬ್ಯಾಡ.”

ಅವಳು ತಾಳ ತೆಗೆದುಕೊಂಡಳು. ಮೊದಲ ಸಲ ಅಕ್ಕಾರ ಅನ್ನದೆ, ನನ್ನ ಮುಖ ನೋಡಿ ಮಾತಾಡಿದಳು.

“ನಿಂದ ಐತಿ, ಯಾರು ಇಲ್ಲಂದಾರ? ಆದ್ರ ಬರೋವಾಗ ಎರಡನೇ ನುಡಿ ಕಲ್ತು ಬಾ.”

ಹುಮನಾಬಾದಿಗೆ ಹೋಗುವಾಗ ಜೀಪಿನವನು ಮತ್ತೆ ಮುಂದಿನ ಸೀಟು ತೋರಿಸಿದ. ನಾನು ಹಿಂದೆ, ಮಂದಿಯ ಗಂಟುಗಳ ನಡುವೆ ಕೂತು, ದಾರಿಯುದ್ದಕ್ಕೂ ಆ ನುಡಿಯನ್ನು ಬಾಯಿಗೆ ತಂದುಕೊಳ್ಳಲು ನೋಡಿದೆ. ನೆನಪಿಗೆ ಬಂದದ್ದು ಅವಳು ಹೇಳಿಕೊಟ್ಟ ಆ ಮೊದಲ ಸಾಲು ಮಾತ್ರ.