ಕಾಲಿನ ಆ ಕಡೆ

ಬೆಳಗ್ಗೆ ಕಟ್ಟೆಯ ಮೇಲೆ ಕುಳಿತು ಪೇಪರು ಬಿಡಿಸಿದೊಡನೆ ನಮ್ಮ ಮನೆಯ ಬೆಕ್ಕು ಬಂದು ನನ್ನ ಕಾಲಿಗೆ ಒತ್ತಿಕೊಂಡು ಕೂಡುತ್ತದೆ. ನೋಡಿದವರು ಇದನ್ನು ಪ್ರೀತಿ ಎನ್ನುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ನಂಬಿ ಒಳಗೊಳಗೇ ಉಬ್ಬಿದವನು. ಈಗ ಮಾತ್ರ ಬೆಕ್ಕಿನ ಮುಖ ನೋಡುವ ಮೊದಲು, ಅದು ಕಾಲಿನ ಯಾವ ಪಕ್ಕದಲ್ಲಿ ಕೂತಿದೆ ಎಂದು ನೋಡುತ್ತೇನೆ. ಸಾಮಾನ್ಯವಾಗಿ ಅದು ಮನೆಬಾಗಿಲಿನ ಕಡೆ, ನನ್ನ ಮೀನಖಂಡದ ಮರೆಯಲ್ಲಿರುತ್ತದೆ. ಎದುರಿಗೆ ಗೇಟಿನಾಚೆ ಓಣಿಯ ಕೆಂದು ನಾಯಿ ಗಸ್ತು ತಿರುಗುತ್ತಿರುತ್ತದೆ. ಇಂಥ ಕ್ಷುಲ್ಲಕ ಪರಿಶೀಲನೆಯ ಚಟ ನನಗೆ ಅಂಟಿದ್ದು ಕೃಷ್ಣಾ ಹೊಳೆಯಲ್ಲಿ, ಮೀನು ಹಿಡಿಯಲು ಹೋಗಿ.

ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಡಾಕ್ಟರರು ದಿನಾ ನಡೆಯಬೇಕೆಂದು ಹೇಳಿದ್ದರು. ನಡೆಯುವುದಕ್ಕಿಂತ ನಿಲ್ಲುವುದು ಸುಲಭವೆಂಬ ತರ್ಕದಿಂದ ನಾನು ಗಾಳ ಹಿಡಿದೆ. ಮೂರು ವರ್ಷ ರವಿವಾರದ ಸಂಜೆಗಳಲ್ಲಿ ಅಂಕಲಿಯ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ಕೊಕ್ಕರೆಯ ಏಕಾಗ್ರತೆಯಿಂದ ನಿಂತೆ. ಕೊಕ್ಕರೆಗಳಿಗೆ ಮೀನು ಸಿಕ್ಕಿತು. ನನ್ನಲ್ಲಿದ್ದ ಏಕೈಕ ಮೀನೆಂದರೆ ಆ ಮೀನಖಂಡ. ಬರಿಗೈಯಲ್ಲಿ ಮನೆ ಸೇರುವ ಸಂಕೋಚಕ್ಕೆ ಪೇಟೆಯಲ್ಲಿ ಐಸಿನಲ್ಲಿಟ್ಟ ಒಂದನ್ನು ಕೊಂಡು ಚೀಲಕ್ಕೆ ಹಾಕಿಕೊಂಡು ಬಂದರೆ, ಹೆಂಡತಿ ಅದನ್ನು ಮುಟ್ಟಿ ನೋಡಿ, "ಹೊಳ್ಯಾಗ ಇವತ್ತ ಬರ್ಫ ಬಿದ್ದಿತ್ತೇನ್ರಿ?" ಎನ್ನುತ್ತಿದ್ದಳು. ಆದ್ದರಿಂದ ಒಂದು ಬಾಳೆ ಮೀನನ್ನು, ನನ್ನದೇ ಕೈಯಿಂದ ಹಿಡಿದದ್ದನ್ನು, ಅವಳ ಮುಂದೆ ಇಡಬೇಕೆಂಬುದು ನನ್ನ ಜೀವನದ ಪರಮ ಪುರುಷಾರ್ಥವಾಗಿ ಬಿಟ್ಟಿತ್ತು.

ಬಾಳೆ ಮೀನು ಅಗಲ ಬಾಯಿಯ, ನುಣುಪು ಚರ್ಮದ ಬೇಟೆಗಾರ. ಹೊತ್ತು ಇಳಿಯುವಾಗ ಅದು ಮಡುವಿನಿಂದ ಮೇಲೆದ್ದು ಬೆರಳುದ್ದದ ಬಿಳಿ ಮೀನುಗಳ ಹಿಂಡನ್ನು ದಂಡೆಯ ಕಡೆ ಅಟ್ಟಿಕೊಂಡು ಬರುತ್ತದೆ. ಆಗ ನೀರು ಒಮ್ಮೆಲೇ ಅನ್ನದ ಎಸರಿನಂತೆ ಕುದಿಯುತ್ತದೆ, ಸಾವಿರ ಬಾಯಿಗಳು ಚಟಪಟ ಎನ್ನುತ್ತವೆ, ಮರುಕ್ಷಣ ಏನೂ ಆಗಿಲ್ಲವೆಂಬಂತೆ ಹೊಳೆ ಸುಮ್ಮನಾಗುತ್ತದೆ. ಆ ಸದ್ದಿಗಿಂತ ಆಮೇಲಿನ ಮೌನವೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು.

ಗಾಳ ಒಗೆಯುವ ವಿದ್ಯೆಯನ್ನು ನನಗೆ ಹೇಳಿಕೊಟ್ಟವರು ಯಲ್ಲಪ್ಪ ಕಾಕಾ. ಹಿಂದೆ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದ ಅಂಬಿಗರು, ಈಗ ಅದೇ ದೋಣಿಯಲ್ಲಿ ಬಲೆ ಬಿಡುವವರು. ಮೊದಲ ದಿನವೇ ಅವರು, "ಮಾಸ್ತರ, ಒಗಿಯೂ ಮೊದಲ ಕಾಲ ನೋಡ್ಕೋರಿ. ಸಣ್ಣ ಮೀನ ನಿಮ್ಮ ಕಾಲಿನ ಮರಿಗಿ ಬಂದು ನಿಂದರತಾವ. ದಂಡಿ ಕಡಿ ನಿಂತಿದ್ರ ಒಗೀರಿ," ಎಂದಿದ್ದರು. ಬೇಟೆಗಾರ ಮಡುವಿನ ಕಡೆಯಿಂದ ಬರುವುದರಿಂದ ಮರಿಮೀನುಗಳು ಕಾಲನ್ನು ಅಡ್ಡ ಇಟ್ಟುಕೊಂಡು ದಂಡೆಯ ಕಡೆ ಅಡಗುತ್ತವೆ, ಸರಳ ರೇಖಾಗಣಿತ. ಇನ್ನೊಂದು ಕಡೆ ನಿಂತಿದ್ದರೆ ಏನೆಂದು ನಾನು ಕೇಳಲಿಲ್ಲ. ಉತ್ತರ ಸಿಕ್ಕಿದೊಡನೆ ಪ್ರಶ್ನೆ ಮುಗಿಯಿತೆಂದು ತಿಳಿಯುವುದು ನಮ್ಮ ವೃತ್ತಿಯ ರೋಗ.

ಕೃಷ್ಣೆಯಲ್ಲಿ ಮೊಸಳೆ ಇರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಅದು ಯಾವಾಗಲೂ ಪಕ್ಕದ ಊರಿನ ದಂಡೆಯಲ್ಲಿರುತ್ತದೆ ಎಂಬುದು ಪ್ರತಿ ಊರಿನವರ ದೃಢ ನಂಬಿಕೆ. ನಾನೂ ಆ ನಂಬಿಕೆಯಲ್ಲೇ ಚಪ್ಪಲಿ ಬಿಟ್ಟು ನೀರಿಗೆ ಇಳಿಯುತ್ತಿದ್ದೆ.

ಮಹಾಪೂರ ಇಳಿದ ಮೇಲಿನ ಒಂದು ರವಿವಾರ. ಕಬ್ಬಿನ ಹೊಲಗಳಿಗೆ ನೀರು ಎತ್ತುವ ಮೋಟಾರಿನ ಕರಿ ಪೈಪುಗಳು ದಂಡೆಯ ಕೆಸರಿನಿಂದ ನೀರಿಗೆ ಇಳಿದು ಮಲಗಿದ್ದವು. ಮೂರಿದ್ದವು. ಮೂರನೆಯದರ ಪಕ್ಕ ಚಪ್ಪಲಿ ಬಿಟ್ಟು ನಾನು ಹೊಳೆಗೆ ಇಳಿದೆ. ಗಾಳಿ ಇರಲಿಲ್ಲ. ಎಂದೂ ಬಾಯಿ ಮುಚ್ಚದ ಹಕ್ಕಿಗಳು ಅಂದು ಜಾಲಿಯ ಗಿಡದಲ್ಲಿ ಸುಮ್ಮನೆ ಕೂತಿದ್ದವು. ಸ್ವಲ್ಪ ಹೊತ್ತಿಗೆ ನೀರು ಕುದಿಯಿತು, ನನ್ನ ಕಾಲಿಗೆ ತಣ್ಣಗೆ ಏನೋ ತಾಗಿತು. ಬಗ್ಗಿ ನೋಡಿದರೆ ನೂರಾರು ಮರಿಮೀನು, ಪಾದದಿಂದ ಮೊಣಕಾಲಿನವರೆಗೆ ನನ್ನನ್ನು ಹೊದ್ದುಕೊಂಡಂತೆ ಒತ್ತಿ ನಿಂತು, ಒಂದೇ ಸಮನೆ ನಡುಗುತ್ತಿದ್ದವು. ಮೈ ಜುಮ್ಮೆಂದರೂ, ನಾಚಿಕೆಯಿಂದ ಹೇಳುತ್ತೇನೆ, ನನಗೆ ಹೆಮ್ಮೆಯೇ ಆಯಿತು. ಅದೇ ಹೆಮ್ಮೆಯಲ್ಲಿ ಅವುಗಳಲ್ಲೇ ಒಂದನ್ನು ಬೊಗಸೆಯಲ್ಲಿ ಎತ್ತಿ ಗಾಳಕ್ಕೆ ಚುಚ್ಚಿ ಒಗೆದೆ.

ಮಡುವಿನ ಅಂಚಿನಲ್ಲಿ ದೋಣಿಯಲ್ಲಿದ್ದ ಕಾಕಾ ಮೆಲ್ಲನೆ ಕೇಳಿದರು: "ಮಾಸ್ತರ, ಸಣ್ಣ ಮೀನ ಯಾವ ಕಡಿ ಅದಾವ್ರಿ?"

"ಎಲ್ಲಾ ನಿಮ್ಮ ಕಡೀನ ಅದಾವ ಕಾಕಾ," ಎಂದೆ ಖುಷಿಯಿಂದ.

ಅವರು ಬಲೆ ಕೆಳಗಿಟ್ಟು ಹುಟ್ಟು ಹಿಡಿದರು. ಆಮೇಲೆ ಮಲಗಿದ ಕೂಸನ್ನು ಎಬ್ಬಿಸಬಾರದೆಂಬ ದನಿಯಲ್ಲಿ, "ಹಿಂದ ಹೊಳ್ಳಿ ನೋಡಬ್ಯಾಡ್ರಿ. ದಂಡಿಗಿ ಹೋಗಬ್ಯಾಡ್ರಿ. ಕಾಲ ಎತ್ತಬ್ಯಾಡ್ರಿ. ನಾ ಬರಾಕತ್ತೀನಿ," ಎಂದರು.

ಆಗ ನನ್ನ ರೇಖಾಗಣಿತ ನನಗೇ ತಿರುಗಿ ಬಂತು. ಎದುರಿಗೆ ಬಾಳೆ ಮೀನು ಬಾಯಿ ತೆರೆದು ಕಾಯುತ್ತಿರುವಾಗಲೂ ಆ ಮರಿಗಳು ಅದರ ಕಡೆಗೇ ಬಂದು ನಿಂತಿದ್ದವು. ಅಂದರೆ ನನಗೂ ದಂಡೆಗೂ ನಡುವೆ, ನನ್ನ ಬೆನ್ನ ಹಿಂದೆ, ಅದಕ್ಕಿಂತ ದೊಡ್ಡದು ಏನೋ ಇತ್ತು. ಸದ್ದಿಲ್ಲ, ಅಲೆಯಿಲ್ಲ, ಹಿಂಗತ್ತಿನ ಮೇಲೆ ಮಾತ್ರ ಯಾರೋ ನೋಡುತ್ತಿರುವ ಭಾರ.

ಮೂರು ವರ್ಷ ಬಾರದ ಬಾಳೆ ಮೀನು ಸರಿಯಾಗಿ ಅದೇ ಗಳಿಗೆಯಲ್ಲಿ ಗಾಳ ನುಂಗಿತು. ಕೋಲು ಬಿಲ್ಲಿನಂತೆ ಬಾಗಿತು. ಓದುಗ ಮಿತ್ರರೇ, ಪ್ರಾಣ ಹೋಗುವ ಹೊತ್ತಿನಲ್ಲಿ ಮನುಷ್ಯನಿಗೆ ದೇವರು ನೆನಪಾಗುತ್ತಾನೆಂದು ಕೇಳಿದ್ದೆ. ನನಗೆ ನೆನಪಾದದ್ದು ಹೆಂಡತಿಯ ಬರ್ಫದ ಮಾತು. ಒಂದು ಕ್ಷಣ ಬಿಗಿಯಾಗಿ ಹಿಡಿದೆ. "ಬಿಡ್ರೀ!" ಎಂದರು ಕಾಕಾ. ಬಿಟ್ಟೆ. ದೋಣಿ ಮೈಗೆ ತಾಗಿತು, ಕಾಕಾ ನನ್ನ ತೋಳು ಹಿಡಿದು ಮೂಟೆಯಂತೆ ಒಳಗೆ ಎಳೆದುಕೊಂಡರು.

ನನ್ನ ಎರಡು ಕಾಲು ನೀರಿನಿಂದ ಮೇಲೆ ಬಂದ ಕ್ಷಣ, ನಾನು ನಿಂತಿದ್ದ ಜಾಗ ಎರಡೂ ಕಡೆಯಿಂದ ಒಮ್ಮೆ ಕುದಿದು ತಣ್ಣಗಾಯಿತು. ಅಲ್ಲಿ ಮತ್ತೆ ಒಂದು ಬಿಳಿ ಮೀನೂ ಕಾಣಲಿಲ್ಲ. ದಂಡೆಯ ಕಡೆ ನೋಡಿದೆ. ನನ್ನ ಚಪ್ಪಲಿಗಳು ಬಿಟ್ಟಲ್ಲೇ ಇದ್ದವು. ಅವುಗಳ ಪಕ್ಕದ ಮೂರನೆಯ ಪೈಪು ಇರಲಿಲ್ಲ.

ಬದುಕಿದ್ದಕ್ಕೆ ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೂ ಆ ಮರಿಗಳ ನಡುಕ ನನ್ನ ಕಾಲಿನಿಂದ ಹೋಗಿಲ್ಲ. ಅವು ನನ್ನನ್ನು ಮೆಚ್ಚಿ ಬಂದಿರಲಿಲ್ಲ. ನಿಂತದ್ದು ಏನಾದರೊಂದು ಬೇಕಿತ್ತು, ನಾನು ನಿಂತಿದ್ದೆ. ಅಷ್ಟು ನಂಬಿ ಬಂದವುಗಳಲ್ಲಿ ಒಂದನ್ನು ಗಾಳಕ್ಕೆ ಚುಚ್ಚಿದೆ, ಉಳಿದವನ್ನು ಬಿಟ್ಟು ಕಾಲೆತ್ತಿದೆ. ಬೇರೆ ದಾರಿ ಇರಲಿಲ್ಲವೆಂದು ಕಾಕಾ ಎಷ್ಟೋ ಸಲ ಹೇಳಿದ್ದಾರೆ. ಆಮೇಲೆ ನಾನು ಗಾಳ ಕೊಂಡಿಲ್ಲ, ಡಾಕ್ಟರರ ಮಾತಿನಂತೆ ನಡೆಯುತ್ತೇನೆ.

ಇಂದು ಬೆಳಗ್ಗೆ ಬೆಕ್ಕು ಎಂದಿನಂತೆ ಬಂತು. ಹೆಂಡತಿ ನಿನ್ನೆಯೇ ನಿಪ್ಪಾಣಿಗೆ ತಂಗಿಯ ಮನೆಗೆ ಹೋಗಿದ್ದಾಳೆ, ಮನೆಯಲ್ಲಿ ನನ್ನ ಹೊರತು ಯಾರೂ ಇಲ್ಲ. ಗೇಟಿನಾಚೆ ಕೆಂದು ನಾಯಿ ನಿಂತು ಇತ್ತಲೇ ನೋಡುತ್ತಿದೆ. ಬೆಕ್ಕು ಅದನ್ನು ನೋಡಿಯೂ ಗೇಟಿನ ಕಡೆಗೇ ಬಂದು, ನನ್ನ ಕಾಲಿಗೆ ಒತ್ತಿಕೊಂಡು ಕೂತು ನಡುಗುತ್ತಿದೆ. ನನ್ನ ಬೆನ್ನ ಹಿಂದೆ ಮನೆಯ ಬಾಗಿಲು ತೆರೆದಿದೆ. ಪೇಪರು ಅದೇ ಪುಟದಲ್ಲಿದೆ, ನಾನಿನ್ನೂ ಹೊರಳಿ ನೋಡಿಲ್ಲ. ಆದರೆ ಈ ಸಲ ಕಾಲು ಎತ್ತುವುದಿಲ್ಲ.