ಓರೆ ಸೈಟಿನ ವಿಸ್ತೀರ್ಣ

ಮದುವೆಮನೆಯ ಊಟದ ಸಾಲಿನಲ್ಲಿ ಯಾರಾದರೂ ನನ್ನ ಕೆಲಸ ಕೇಳಿ, ನಾನು ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತೇನೆ ಎಂದರೆ ಸಾಕು, ಅವರ ಮುಖವೇ ಬದಲಾಗುತ್ತದೆ. ಎಲೆಯ ಮೇಲಿನ ಹೋಳಿಗೆಯನ್ನೂ ಮರೆತು, ತಮ್ಮ ಎಸ್ಸೆಸ್ಸೆಲ್ಸಿ ಅಂಕ ಹೇಳಿ, ನನ್ನ ಹತ್ತಿರ ಕ್ಷಮೆ ಕೇಳುವವರ ಹಾಗೆ ನೋಡುತ್ತಾರೆ. ನಾನೇನು ಪೊಲೀಸೇ? ಊಟ ಮಾಡಿ ಎಂದು ಹೇಳಿ ನನ್ನ ಎಲೆ ನೋಡಿಕೊಳ್ಳುತ್ತೇನೆ.

ಕೇಂದ್ರ ಪಠ್ಯಕ್ರಮದ ನಮ್ಮ ಶಾಲೆ ಇರುವುದು ಯಲಹಂಕದಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿ. ಎಂಟನೆಯ ಕ್ಲಾಸಿನವರೆಗೆ ಎಲ್ಲ ಮಕ್ಕಳೂ ಒಂದೇ ದೋಣಿಯಲ್ಲಿ ಬರುತ್ತಾರೆ. ಒಂಬತ್ತು ಮುಗಿಯುವ ಹೊತ್ತಿಗೆ ಕವಲು. ಹತ್ತರ ಪರೀಕ್ಷೆಗೆ ಗಣಿತದಲ್ಲಿ ಸ್ಟ್ಯಾಂಡರ್ಡ್ ಎಂದು ಒಂದು, ಬೇಸಿಕ್ ಎಂದು ಒಂದು. ಪುಸ್ತಕ ಒಂದೇ, ಪಾಠವೂ ಒಂದೇ. ಬೇಸಿಕ್‌ನವರ ಪ್ರಶ್ನೆಪತ್ರಿಕೆ ಸುಲಭ, ಅಷ್ಟೇ. ಆದರೆ ಬೇಸಿಕ್ ಬರೆದವರಿಗೆ ಹನ್ನೊಂದರಲ್ಲಿ ಗಣಿತದ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. ಹದಿನಾಲ್ಕು ವರ್ಷದ ಮಗುವಿನ ಕೈಯಲ್ಲಿ ಇಂಥ ತೀರ್ಮಾನ ಮಾಡಿಸುವುದು ಯಾರಿಗೆ ಹೊಳೆಯಿತೋ, ನನಗಂತೂ ಗೊತ್ತಿಲ್ಲ.

ವಾಸ್ತವದಲ್ಲಿ ಮಗು ತೀರ್ಮಾನ ಮಾಡುವುದೂ ಇಲ್ಲ. ಅಂಕ ಕಡಿಮೆ ಇರುವ ಮಕ್ಕಳ ಮನೆಯವರನ್ನು ಶಾಲೆಗೆ ಕರೆಸಿ, ಕಾಫಿ ಕೊಟ್ಟು, "ಬೇಸಿಕ್ ಆದ್ರೆ ಸೇಫು" ಎಂದು ಒಪ್ಪಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಶಾಲೆಯ ಫಲಿತಾಂಶವೂ ಚೆನ್ನಾಗಿರುತ್ತದೆ. ನಾನು ಅದಕ್ಕೆ ಕಾಫಿ ಮೀಟಿಂಗ್ ಎಂದು ಹೆಸರಿಟ್ಟಿದ್ದೆ. ಪ್ರಿನ್ಸಿಪಾಲರಿಗೆ ಆ ಹೆಸರು ಹಿಡಿಸಿರಲಿಲ್ಲ.

ಆ ವರ್ಷ ಕರೆಸಬೇಕಾದವರಲ್ಲಿ ಒಬ್ಬಳು ಒಂಬತ್ತನೆಯ ಕ್ಲಾಸಿನ ಹುಡುಗಿ. ಅವರದು ಅಲ್ಲಿಯದೇ ಹಳೆಯ ಒಕ್ಕಲು ಮನೆತನ. ಒಂದು ಕಾಲಕ್ಕೆ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದವರು ಈಗ ಸೈಟು ಮಾಡಿ ಮಾರುತ್ತಾರೆ, ಮನೆ ಕಟ್ಟಿಸುತ್ತಾರೆ. ಮನೆಯಲ್ಲಿ ತಾತನ ಮಾತೇ ಕೊನೆಯದು. ಹಿಂದಿನ ಸಲ ಬಂದಾಗ ಅವರು, "ಎಣ್ಮಗು, ಪಾಸಾದ್ರೆ ಸಾಕು ಬುಡಿ, ಸುಲಭದ್ದೇ ಇರ್ಲಿ" ಎಂದು ಹೇಳಿ ಹೋಗಿದ್ದರು. ಹುಡುಗಿಯ ಆಸೆ ಬೇರೆ. "ಮನೆ ಕಟ್ಸೋದು ನಮ್ಮಪ್ಪ, ಅದರ ಡ್ರಾಯಿಂಗ್ ಹಾಕೋದು ಯಾರೋ ಮಿಸ್. ಡ್ರಾಯಿಂಗ್ ನಾನೇ ಹಾಕ್ಬೇಕು" ಎಂದು ನನ್ನ ಹತ್ತಿರ ಹೇಳಿದ್ದಳು. ಆರ್ಕಿಟೆಕ್ಟ್ ಆಗಬೇಕಾದರೆ ಹನ್ನೊಂದು, ಹನ್ನೆರಡರಲ್ಲಿ ಗಣಿತ ಬೇಕು. ಗಣಿತ ಬೇಕಾದರೆ ಸ್ಟ್ಯಾಂಡರ್ಡ್ ಬೇಕು. ಸ್ಟ್ಯಾಂಡರ್ಡ್ ಕೇಳುವಷ್ಟು ಅಂಕ ಅವಳಲ್ಲಿರಲಿಲ್ಲ.

ಬೀಜಗಣಿತ ಪರವಾಗಿಲ್ಲ ಅನ್ನುವಂತಿತ್ತು. ವಿಸ್ತೀರ್ಣದ ಲೆಕ್ಕ ಬಂದರೆ ಮಾತ್ರ ಸೊನ್ನೆ. ಹಂತಗಳನ್ನು ಬರೆಯುತ್ತಲೇ ಇರಲಿಲ್ಲ; ಉತ್ತರ ಒಂದೇ, ಅದೂ ತಪ್ಪು. ಒಂದು ಟೆಸ್ಟಿನಲ್ಲಿ ನಾನೇ ಮಾಡಿದ ಪ್ರಶ್ನೆ ಕೊಟ್ಟಿದ್ದೆ. ಒಂದು ಸೈಟು: ಮುಂದೆ ಮೂವತ್ತು ಅಡಿ, ಹಿಂದೆ ಮೂವತ್ತೊಂಬತ್ತು. ಒಂದು ಪಕ್ಕ ನೆಟ್ಟಗೆ ನಲವತ್ತು, ಇನ್ನೊಂದು ಪಕ್ಕ ಓರೆಯಾಗಿ ನಲವತ್ತೊಂದು. ಸರಿಯುತ್ತರ ಸಾವಿರದ ಮುನ್ನೂರ ಎಂಬತ್ತು ಚದರಡಿ. ಇವಳು ಸಾವಿರದ ಮುನ್ನೂರ ತೊಂಬತ್ತೇಳೂಕಾಲು ಎಂದು ಬರೆದಿದ್ದಳು. ಕೆಂಪು ಗೀಟು ಹಾಕುವಾಗ ನನ್ನ ಕೈ ನಿಂತಿತು. ಆ ಕಾಲು ಎಲ್ಲಿಂದ ಬಂತು?

ಅವಳ ಹಿಂದಿನ ಉತ್ತರಪತ್ರಿಕೆಗಳನ್ನು ತೆಗೆದು ನೋಡಿದೆ. ಪ್ರತಿ ಸಲವೂ ಉತ್ತರ ಇರಬೇಕಾದದ್ದಕ್ಕಿಂತ ಹೆಚ್ಚು, ಒಮ್ಮೆಯೂ ಕಡಿಮೆ ಇಲ್ಲ. ತೋಚಿದ್ದು ಬರೆಯುವ ಮಕ್ಕಳ ತಪ್ಪು ಹಿಂದೂ ಹೋಗುತ್ತದೆ, ಮುಂದೂ ಹೋಗುತ್ತದೆ. ಇವಳ ತಪ್ಪಿಗೆ ನಿಯತ್ತಿತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕರೆಸಿದೆ.

"ಇದನ್ನ ಹೇಗ್ ಮಾಡ್ದೆ?"

"ಎದುರುಬದುರು ಬದೀನ ಕೂಡ್ಸಿ ಅರ್ಧ ಮಾಡೋದು ಮಿಸ್. ಇನ್ನೆರಡು ಬದೀನೂ ಹಂಗೇ. ಆಮೇಲೆ ಗುಣಿಸೋದು."

"ಯಾರೇ ಹೇಳ್ಕೊಟ್ಟಿದ್ದು?"

"ತಾತ. ನಮ್ಮನೇಲಿ ಎಲ್ರೂ ಹಂಗೇ ಅಳೆಯೋದು. ಟೇಪಿನ ಆ ಕೊನೆ ಹಿಡ್ಕೊಳ್ಳೋದು ನಾನೇ!"

ಹೆಮ್ಮೆಯಿಂದಲೇ ಹೇಳಿದಳು. ಆ ಲೆಕ್ಕ ಅಚ್ಚುಕಟ್ಟಾದ ಚೌಕಕ್ಕೆ ಸರಿ. ಜಾಗ ಓರೆಯಾದಷ್ಟೂ ಅದು ಇಲ್ಲದ ನೆಲವನ್ನು ಸೇರಿಸುತ್ತಾ ಹೋಗುತ್ತದೆ. ಮಾರುವವರಿಗೆ ಅದರಿಂದ ನಷ್ಟವಿಲ್ಲವಲ್ಲ, ಹಾಗಾಗಿ ಯಾರೂ ತಿದ್ದುವ ಗೋಜಿಗೆ ಹೋಗಿರಲಿಕ್ಕಿಲ್ಲ. ನಾನು ಬೋರ್ಡಿನ ಮೇಲೆ ಸೂತ್ರ ಬರೆದು ವಿವರಿಸಿದೆ. ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು: ಮಿಸ್ ಹೇಳುವುದು ಪರೀಕ್ಷೆಗೆ, ತಾತ ಹೇಳುವುದು ನಿಜಕ್ಕೆ.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಶಾಲೆಗೆಲ್ಲ ಪ್ರಸಿದ್ಧ. "ಎರಡೂ ಸರಿ ಇರಕ್ಕೆ ಇದೇನು ಸಾರಿಗೆ ಉಪ್ಪು ಹಾಕೋ ವಿಷಯಾನೇನೆ? ನಂದೋ ತಾತಂದೋ, ಒಂದು ತಪ್ಪಿರ್ಲೇಬೇಕು. ಯಾವುದು ಅಂತ ನೀನೇ ಕಂಡುಹಿಡ್ಕೊಂಡು ಬಾ. ತಾತನಿಗೂ ಒಪ್ಪಿಗೆ ಆಗ್ಬೇಕು, ಸೂತ್ರ ಗೀತ್ರ ಹೇಳಂಗಿಲ್ಲ" ಎಂದು ಗದರಿಸಿ ಕಳಿಸಿದೆ.

ಆಮೇಲೆ ಕೆಲವು ದಿನ ಅವಳು ನನ್ನ ಕಣ್ಣಿಗೆ ಸಿಗದಂತೆ ಓಡಾಡಿದಳು. ಕಾಫಿ ಮೀಟಿಂಗಿನ ಹಿಂದಿನ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ತೆಂಗಿನ ಪೊರಕೆಯ ನಾಲ್ಕು ಕಡ್ಡಿ. ಮೂಲೆಮೂಲೆಗೆ ದಾರ ಕಟ್ಟಿ ಚೌಕಟ್ಟು ಮಾಡಿದ್ದಳು. ಅದನ್ನು ನನ್ನ ಮೇಜಿನ ಮೇಲೆ ಚೌಕವಾಗಿ ಇಟ್ಟಳು.

"ಇದು ಸೈಟು ಮಿಸ್. ಹಿಂಗಿದ್ರೆ ತಾತನ ಲೆಕ್ಕಾನೂ ಸರಿ, ನಿಮ್ಮ ಲೆಕ್ಕಾನೂ ಸರಿ." ಬೆರಳಿನಿಂದ ಒಂದು ಮೂಲೆಯನ್ನು ಮೆಲ್ಲಗೆ ತಳ್ಳಿದಳು. ಚೌಕಟ್ಟು ವಾಲಿತು. "ಕಡ್ಡಿ ಅವೇ, ಉದ್ದ ಅಷ್ಟೇ. ತಾತನ ಲೆಕ್ಕದಲ್ಲಿ ಜಾಗಾನೂ ಅಷ್ಟೇ ಇರ್ಬೇಕು." ಇನ್ನೂ ತಳ್ಳಿದಳು. ಕಡ್ಡಿಗಳು ಒಂದರ ಪಕ್ಕ ಒಂದು ಅಂಟಿಕೊಂಡು ಮಲಗಿದವು. "ಈಗಲೂ ಅಷ್ಟೇ ಜಾಗ ಇದೆ ಅನ್ನತ್ತೆ ಆ ಲೆಕ್ಕ. ಇಲ್ಲಿ ಇರುವೆ ಮಲಗೋಕೂ ಜಾಗ ಇಲ್ಲ ಮಿಸ್."

ಇದನ್ನು ನಾನು ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ. ಒಂದು ನಿಯಮ ತಪ್ಪೆಂದು ತೋರಿಸಲು ಅದನ್ನು ಕೊನೆಯವರೆಗೂ ಎಳೆದುಕೊಂಡು ಹೋಗಿ ನೋಡುವ ಬುದ್ಧಿ ಗಣಿತದಲ್ಲಿ ದೊಡ್ಡದು. ಅವಳು ತಾನಾಗಿಯೇ ಅಲ್ಲಿಗೆ ತಲುಪಿದ್ದಳು. ನನಗೆ ಹೊಟ್ಟೆ ತುಂಬಿದಂತಾಯಿತು. ಪಕ್ಕದ ಮೇಜಿನ ಸಮಾಜ ವಿಜ್ಞಾನದ ಮಿಸ್ಸನ್ನು ಕರೆದು, ಇನ್ನೊಮ್ಮೆ ಮಾಡಿಸಿ ನೋಡಿದೆವು.

"ತಾತ ಏನಂದ್ರು?"

ಅವಳ ಮುಖ ಸಣ್ಣದಾಯಿತು. "ಏನೂ ಅನ್ಲಿಲ್ಲ ಮಿಸ್. ಎದ್ದು ಆಚೆ ಹೋಗ್ಬಿಟ್ರು. ಆಗಿಂದ ಸರಿಯಾಗಿ ಮಾತೇ ಆಡ್ತಿಲ್ಲ. ನಾಳೆ ಮೀಟಿಂಗಿಗೆ ಅವರೇ ಬರೋದು."

ಮಾರನೆಯ ದಿನ ಅವರು ಬಂದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು. ಮೊಮ್ಮಗಳು ಕುರ್ಚಿಯ ಹಿಂದೆ ನಿಂತಳು. ಪ್ರಿನ್ಸಿಪಾಲರು ಒಳ್ಳೆಯವರೇ. ಅಂಕಪಟ್ಟಿ ಮುಂದಿಟ್ಟು, ಬೇಸಿಕ್‌ನಲ್ಲಿ ಏನೂ ಅವಮಾನವಿಲ್ಲ, ಮಗುವಿಗೆ ಹೊರೆಯಾಗಬಾರದು ಎಂದು ತಾಳ್ಮೆಯಿಂದ ಹೇಳಿದರು. ನಾನು ನನಗೆ ತೋಚಿದ್ದನ್ನು ಹೇಳಿದೆ: ಇವಳಿಗೆ ಗಣಿತ ಬರುತ್ತದೆ, ಇಷ್ಟು ದಿನ ಮನೆಯ ಒಂದು ಅಳತೆ ಅಡ್ಡ ಬಂದಿತ್ತು, ಈಗ ಅದು ದಾರಿ ಬಿಟ್ಟಿದೆ, ಹಂತ ಬರೆಯುವುದನ್ನು ನಾನು ಅಭ್ಯಾಸ ಮಾಡಿಸುತ್ತೇನೆ. ಸ್ವಲ್ಪ ಜೋರಾಗಿಯೇ ಹೇಳಿರಬೇಕು. ಪ್ರಿನ್ಸಿಪಾಲರು, "ಕೊನೆಗೆ ಮನೆಯವರ ಇಷ್ಟ" ಎಂದು ತಾತನ ಕಡೆ ತಿರುಗಿದರು.

ತಾತ ಕಾಫಿ ಮುಟ್ಟಿರಲಿಲ್ಲ. ಲೋಟವನ್ನು ಪಕ್ಕಕ್ಕೆ ಸರಿಸಿ, ನನ್ನನ್ನು ನೋಡಿ ಮಾತಾಡಿದರು.

"ಮೇಡಮ್ಮೋರೆ, ನಮ್ಮಪ್ಪ ಒಲ ಭಾಗ ಮಾಡ್ದಾಗ ಚೌಕದ ತುಂಡು ನಮ್ಮಣ್ಣಂಗೆ ಬಂತು, ಓರೆ ತುಂಡು ನಂಗೆ. ಅಗ್ಗ ಇಡ್ದು ಇಂಗೇ ಅಳುದ್ರು, ಎರಡೂ ಸಮ ಅಂದ್ರು. ನಾನೂ ಊಂ ಅಂದೆ. ಪ್ರತಿ ಸುಗ್ಗೀಲೂ ಅಣ್ಣನ ಕಣದಾಗೆ ರಾಗಿ ಜಾಸ್ತಿ, ನನ್ನ ಕಣದಾಗೆ ಕಮ್ಮಿ. ಅದೇ ಮಳೆ, ಅದೇ ಗೊಬ್ರ. 'ನಿನ್ನ ಮೈ ಬಗ್ಗಲ್ಲ ಕಣ್ಲಾ, ಸೋಮಾರಿ' ಅಂತ ನಮ್ಮವ್ವ ಸಾಯೋಗಂಟ ಅಂದ್ಲು. ಅವ್ಳು ಅಂದಂಗೇ ಇರ್ಬೇಕು ಅಂತ ನಾನೂ ಅನ್ಕಂಡಿದ್ದೆ."

ಅವರು ನಕ್ಕರು. ಆದರೆ ಕಣ್ಣು ಒದ್ದೆಯಾಗಿತ್ತು. ಪ್ರಿನ್ಸಿಪಾಲರ ಕಡೆ ತಿರುಗಿ ಹೇಳಿದರು:

"ಮೊನ್ನೆ ಈ ಕೂಸು ಕಡ್ಡಿ ತಂದು ತೋರಿಸ್ದಾಗ ನಂಗೆ ಕುಂತ್ಕಳಕ್ಕಾಗ್ಲಿಲ್ಲ. ಸುಲಭದ್ದು ಬ್ಯಾಡ ಸಾ, ಕಷ್ಟದ್ದೇ ಆಕಿ ಇವ್ಳಿಗೆ."

ಆಮೇಲೆ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, ನಾವು ಯಾರೂ ಅಲ್ಲಿ ಇಲ್ಲವೇನೋ ಎಂಬಂತೆ ಮೊಮ್ಮಗಳನ್ನು ಕೇಳಿದರು: "ನಾನು ಸೋಮಾರಿ ಅಲ್ಲ ಅಲ್ವೇನವ್ವ?"

"ಅಲ್ಲ ತಾತ," ಎಂದಳು ಅವಳು. "ಜಮೀನೇ ಕಮ್ಮಿ ಇತ್ತು."