ಹಕ್ಕಿ ಕೋಣೆಯಲ್ಲಿ ಸಾಂಬ್ರಾಣಿ

ಒಳಕೋಣೆಯ ಫ್ಯಾನಿನ ಮೂರು ರೆಕ್ಕೆಗಳನ್ನೂ ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದ ದಿನವೇ ನನಗೆ ಗೊತ್ತಾಯಿತು, ಇನ್ನು ಈ ಮನೆಯಲ್ಲಿ ನನಗಿಂತ ಆ ಎರಡು ಹಕ್ಕಿಗಳಿಗೇ ಬೆಲೆ ಜಾಸ್ತಿ ಎಂದು. ಆಂಡರ್ಸನ್‌ಪೇಟೆಯ ಬೇಸಿಗೆ ನಮ್ಮ ಶೀಟಿನ ಮನೆಯನ್ನು ಇಡ್ಲಿ ಪಾತ್ರೆಯಂತೆ ಬೇಯಿಸುತ್ತಿತ್ತು. ನಮ್ಮ ಯಜಮಾನರು ಮಾತ್ರ ಮಂಚದ ಮೇಲೆ ಒರಗಿ, ಬೀಸಣಿಗೆ ಬೀಸಿಕೊಳ್ಳುತ್ತಾ, ಆ ಹಕ್ಕಿಗಳು ಗೋಡೆಯಿಂದ ಗೋಡೆಗೆ ಹಾರುವುದನ್ನೇ ನೋಡುತ್ತಿದ್ದರು.

"ನಂಗೂ ರೆಕ್ಕೆ ಇದ್ದಿದ್ರೆ ನಂಗೋಸ್ಕರಾನೂ ಫ್ಯಾನ್ ಬಿಚ್ಚಿಸ್ತಿದ್ಯಾ?" ಎಂದೆ.

"ನಿಂಗೆ ರೆಕ್ಕೆ ಇದ್ದಿದ್ರೆ ಮದ್ವೆಯಾದ ಮಾರನೇ ದಿನಾನೇ ಬೂದಿಕೋಟೆಗೆ, ನಿಮ್ಮಪ್ಪನ ಮನೇಗೆ ಓಗ್ಬಿಡ್ತಿದ್ದೆ ಕಣೇ," ಎಂದರು.

ಸುಳ್ಳಲ್ಲ ಬಿಡಿ.

ಹಕ್ಕಿಗಳನ್ನು ತಂದುಕೊಟ್ಟವಳು ನನ್ನ ಮೊಮ್ಮಗಳು. ಅವಳು ತನ್ನ ಅಮ್ಮನ ಜೊತೆ, ಅಂದರೆ ನನ್ನ ಮಗಳ ಜೊತೆ, ಬಂಗಾರಪೇಟೆಯಲ್ಲಿದ್ದಾಳೆ. ಅಲ್ಲೇ ಕಾಲೇಜು. ತಾತ ದಿನವಿಡೀ ಗೋಡೆ ನೋಡುತ್ತಾ ಮಲಗಿರುತ್ತಾರೆ ಎಂದು ನಾನು ಫೋನಿನಲ್ಲಿ ಗೊಣಗಿದ್ದೆ. ಮುಂದಿನ ಭಾನುವಾರ ಅವಳು ರೈಲಿನಲ್ಲಿ ಒಂದು ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಫಿಂಚ್ ಅಂತೆ. ಬೂದು ಮೈ, ಗುಬ್ಬಿಗಿಂತ ಸಣ್ಣದು, ಒಣಮೆಣಸಿನಕಾಯಿ ಬಣ್ಣದ ಕೊಕ್ಕು. ಗಂಡಿನ ಕೆನ್ನೆಗೆ ಯಾರೋ ಕೇಸರಿ ಹಚ್ಚಿದ ಹಾಗಿತ್ತು. ಹೆಣ್ಣಿಗೆ ಅಂಥ ಶೃಂಗಾರ ಇರಲಿಲ್ಲ, ಪಾಪ. ಕೆಲಸ ಜಾಸ್ತಿ ಇರುವವರಿಗೆ ಶೃಂಗಾರಕ್ಕೆ ಹೊತ್ತೆಲ್ಲಿ?

"ಪಂಜರ ಬ್ಯಾಡ. ಬಿಡು ಅವುನ್ನ," ಎಂದರು ಯಜಮಾನರು. "ಕಬ್ಬಿಣದ ಕಂಬಿ ಲಿಫ್ಟ್ ಒಳಗೆ ನಿಂತ್ಕೊಂಡು ಮೂವತ್ತು ವರ್ಷ ಗಣಿಗೆ ಇಳಿದೋನು ನಾನು. ಅದರ ಸುಖ ನಂಗೊತ್ತು."

ಹೀಗೆ ಕೋಣೆ ಹಕ್ಕಿಗಳದಾಯಿತು. ಕಿಟಕಿಗೆ ಸೊಳ್ಳೆ ಪರದೆಯ ಜಾಲರಿ ಹೊಡೆಸಿದರು. ಹಕ್ಕಿ ತನ್ನ ನೆರಳಿಗೇ ಢಿಕ್ಕಿ ಹೊಡೆದೀತೆಂದು ಕನ್ನಡಿಯನ್ನು ತೆಗೆಸಿದರು. ನಾನು ಬೊಟ್ಟಿಡಲು ಅಡುಗೆಮನೆಯ ಸ್ಟೀಲ್ ತಟ್ಟೆ ನೋಡಿಕೊಳ್ಳಬೇಕಾಯಿತು. ನೀರಿನ ಚೊಂಬಿಗೆ ಮುಚ್ಚಳ. ಬಾಗಿಲಿನ ಒಳಗಡೆ ನನ್ನ ಹಳೇ ಸೀರೆಯ ಪರದೆ. ಒಳಗೆ ಹೋಗುವವರು ಮೊದಲು ಬಾಗಿಲು ಹಾಕಿ, ಆಮೇಲೆ ಪರದೆ ಸರಿಸಬೇಕು. ಬರುವಾಗಲೂ ಹಾಗೇ, ಹಿಂದೆ ಬಾಗಿಲು ಹಾಕಿಯೇ ಬರಬೇಕು. ನಾನು ಮರೆತರೆ "ಬಾಕ್ಲು! ಬಾಕ್ಲು!" ಎಂದು ಮಂಚದಿಂದ ಕೂಗು. ಆ ಕೂಗಿಗೆ ಮೂರು ವರ್ಷದಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ, ಬಾಗಿಲೇ ಇಲ್ಲದ ಕೊಟ್ಟಿಗೆಗೆ ಹೋಗಿ ಬಂದರೂ ಹಿಂದೆ ಬಾಗಿಲು ಹುಡುಕುತ್ತಿತ್ತು.

ಯಜಮಾನರ ಎದೆ ಗಣಿ ಧೂಳಿಗೆ ಕೆಟ್ಟಿತ್ತು. ಮನೆಯಲ್ಲಿ ಹೊಗೆ ಆಗಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಕ್ಕಿ ಸಾಕುವುದೂ ಆಗಕೂಡದು ಎಂದಿದ್ದರು. ಅದಕ್ಕೆ ಇವರು, "ಇಷ್ಟೆಲ್ಲ ಗಣಿ ಧೂಳು ಕುಡಿದೋನಿಗೆ ಇವುಗಳ ಪುಕ್ಕದ ಧೂಳು ಏನು ಮಾಡ್ತದೆ ಡಾಕ್ಟ್ರೇ, ಉಪ್ಪಿನಕಾಯಿ ಇದ್ದಂಗೆ," ಎಂದು ನಗಲು ಹೋಗಿ ಹತ್ತು ನಿಮಿಷ ಕೆಮ್ಮಿದ್ದರು. ಹೊಗೆಯ ಮಾತನ್ನು ಮಾತ್ರ ನಾನು ಪಾಲಿಸಿದೆ. ಸೌದೆ ಒಲೆ ಹೋಯಿತು, ಊದುಬತ್ತಿ ಹೋಯಿತು. ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಮನೆಯೆಲ್ಲ ಸಾಂಬ್ರಾಣಿ ಹಿಡಿಯುತ್ತಿದ್ದೆನಲ್ಲ, ಅದೂ ಹೋಯಿತು. ಅದೊಂದು ನನಗೆ ಸಹಿಸಲಾಗಲಿಲ್ಲ. ಸಾಂಬ್ರಾಣಿ ಇಲ್ಲದ ಶುಕ್ರವಾರ ನನಗೆ ಗುರುವಾರದ ಹಾಗೇ ಇರುತ್ತಿತ್ತು.

"ನೀನು ಸತ್ತ ಮೇಲೆ ನೋಡು, ಮನೆ ತುಂಬ ಸಾಂಬ್ರಾಣಿ ಆಕ್ತೀನಿ," ಎಂದು ಒಂದು ಶುಕ್ರವಾರ ಅಂದೆ. ತಮಾಷೆಗೆ. ನಾವು ಹಾಗೆಯೇ ಮಾತಾಡಿಕೊಂಡವರು.

"ಆಕಮ್ಮ ತಾಯಿ, ಆಕು. ನನ್ ಮೂಗಿಗೇನು ಬತ್ತದಾ?" ಎಂದರು.

ಅವರ ಕೆಮ್ಮಿಗೂ ಗಂಡು ಹಕ್ಕಿಗೂ ಒಂದು ಸಂಬಂಧ ಬೆಳೆದಿತ್ತು. ಇವರದು ಎರಡು ಸಣ್ಣ ಕೆಮ್ಮು, ಆಮೇಲೆ ಒಂದು ಉದ್ದದ ಕೆಮ್ಮು. ಅದು ಮುಗಿದ ಕೂಡಲೇ ಹಕ್ಕಿ ಜಾತ್ರೆಯ ಪೀಪಿಯ ಹಾಗೆ "ಟೀಂ" ಎನ್ನುತ್ತಿತ್ತು. ಪ್ರತಿ ಸಲವೂ.

"ನೋಡು, ನನ್ ಕೆಮ್ಮಿಗೆ ಮರ್ಯಾದೆಯಾಗಿ ಜವಾಬು ಕೊಡೋನು ಇವನೊಬ್ನೇ. ನೀನು ಬೈತೀಯ," ಎನ್ನುತ್ತಿದ್ದರು.

ಹೆಣ್ಣು ಹಕ್ಕಿ ಗೂಡಿಗೆ ಆರಿಸಿಕೊಂಡ ಜಾಗ ಯಜಮಾನರ ಗಣಿ ಹೆಲ್ಮೆಟ್ಟು. ಸೂರಿನ ಹತ್ತಿರದ ಮೊಳೆಗೆ ಅದರ ಪಟ್ಟಿಯಲ್ಲಿ, ಬಾಯಿ ಮೇಲಾಗಿ, ತೊಟ್ಟಿಲಿನಂತೆ ನೇತುಹಾಕಿದ್ದೆವು. ನಾನು ತೆಂಗಿನ ನಾರು ಬಿಡಿಸಿಕೊಟ್ಟೆ, ಅವು ಹೊತ್ತೊಯ್ದು ತುಂಬಿದವು. ಮೊಟ್ಟೆ ಎಷ್ಟೋ ಸಲ ಇಟ್ಟವು, ಒಂದೂ ಒಡೆದು ಮರಿಯಾಗಲಿಲ್ಲ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮತ್ತೆ ನಾಲ್ಕು ಮೊಟ್ಟೆ. ಮೊಮ್ಮಗಳು ಬಂದಿದ್ದವಳು ಸ್ಟೂಲು ಹತ್ತಿ, ಮೊಬೈಲಿನ ಬೆಳಕು ಬಿಟ್ಟು ನೋಡಿ, "ತಾತಾ, ಈ ಸಲ ಒಳಗೆ ಕೆಂಪು ನರ ಕಾಣ್ತೈತೆ, ಮರಿ ಐತೆ!" ಎಂದು ಕಿರುಚಿದಳು.

ಯಜಮಾನರಿಗೆ ಆಗಲೇ ಮಾತು ಕಷ್ಟ. ನನ್ನ ಕೈ ಹಿಡಿದು, "ಒಡೆಯೋ ತನಕ ನಾನಿರಲ್ಲ. ನೀನು ನೋಡ್ಕೋ," ಎಂದರು.

"ಸುಮ್ನಿರು. ಬಾಣಂತನ ಮಾಡಕ್ಕೆ ನೀನೂ ಬೇಕು," ಎಂದೆ.

ಎರಡನೆಯ ದಿನ ಹೋದರು.

ಮನೆ ತುಂಬ ನೆಂಟರು ಇದ್ದ ಹನ್ನೊಂದು ದಿನವೂ ಮೊಮ್ಮಗಳು ಒಳಕೋಣೆಯ ಬಾಗಿಲಿಗೆ ಒರಗಿ ಕಾವಲು ಕೂತಿದ್ದಳು. ನೀರು, ನವಣೆ, ಬೇಯಿಸಿದ ಮೊಟ್ಟೆಯ ಪುಡಿ ಎಲ್ಲ ಅವಳದೇ. ಕೂತಲ್ಲೇ ನನಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಹೇಳಿಕೊಟ್ಟಳು. "ಮರಿ ಬಂದ ತಕ್ಷಣ ಮೆಸೇಜ್ ಆಕಜ್ಜಿ. ಪರೀಕ್ಷೆ ಇರ್ತದೆ, ಫೋನ್ ಎತ್ತಕ್ಕಾಗಲ್ಲ." ನಾನು 'ಮರಿ ಬಂತು' ಎಂದು ಬರೆಯುವುದನ್ನು ಇಪ್ಪತ್ತು ಸಲ ಕಲಿತೆ. ಮೊದಲ ಸಲ 'ಮರ ಬಂತು' ಎಂದಾಗ, ಆ ಮನೆಯಲ್ಲಿ ಆ ದಿನಗಳಲ್ಲಿ ಮೊದಲ ಬಾರಿಗೆ ಇಬ್ಬರೂ ನಕ್ಕೆವು.

ಹನ್ನೆರಡನೆಯ ದಿನ ಎಲ್ಲರೂ ಹೋದರು. ಮೊಮ್ಮಗಳು ಪರೀಕ್ಷೆಗೆಂದು ಬೆಳಗಿನ ರೈಲು ಹಿಡಿದಳು. ಅವತ್ತು ಶುಕ್ರವಾರ.

ಮನೆ ಗುಡಿಸಿ, ಸಾರಿಸಿ, ತಲೆಗೆ ನೀರು ಹಾಕಿಕೊಂಡೆ. ಮೈಲಿಗೆ ಕಳೆಯಲು ಮೂಲೆಮೂಲೆಗೂ ಹೊಗೆ ಹಿಡಿಯಬೇಕು. ನನ್ನ ಅವ್ವ ಮಾಡಿದ್ದು ಹಾಗೆ, ನನ್ನ ಅತ್ತೆ ಮಾಡಿದ್ದೂ ಹಾಗೆ. ತೆಂಗಿನ ಚಿಪ್ಪು ಸುಟ್ಟ ಕೆಂಡಕ್ಕೆ ಒಂದು ಹಿಡಿ ಸಾಂಬ್ರಾಣಿ ಸುರಿದೆ. ಹೊಗೆ ಎದ್ದಾಗ, ನಿಜ ಹೇಳಬೇಕು, ಮನಸ್ಸಿಗೆ ಹಿತವಾಯಿತು. "ತಕೋ, ಆಕಿದೀನಿ ನೋಡು," ಎಂದೆ ಗಾಳಿಗೆ. ನಡುಮನೆ ಆಯಿತು, ಅಡುಗೆಮನೆ ಆಯಿತು. ಅವರು ಮಲಗುತ್ತಿದ್ದ ಕೋಣೆಗೆ ಹೆಚ್ಚಾಗಿಯೇ ಬೇಕಲ್ಲ. ಕೆಂಡದ ಬಟ್ಟಲನ್ನು ಮಂಚದ ಕೆಳಗಿಟ್ಟೆ. ಹೊಗೆ ಚೆನ್ನಾಗಿ ಕೂರಲಿ ಎಂದು ಕಿಟಕಿ ಮುಚ್ಚಿದೆ. ಹೊರಗೆ ಬಂದಾಗ ಕೈ ತಾನಾಗಿಯೇ ಹಿಂದೆ ಹೋಗಿ ಬಾಗಿಲು ಎಳೆಯಿತು.

ಹೊಗೆ ಬೇಡ ಎಂದಿದ್ದು ಅವರ ಎದೆಗಾಗಿ. ಅವರೇ ಇಲ್ಲವಲ್ಲ. ಆ ಕೋಣೆಯಲ್ಲಿ ಇನ್ನೂ ಉಸಿರಾಡುವವರಿದ್ದಾರೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಕಾಫಿ ಸೋಸುವಾಗ ಯಾಕೋ ಮನೆ ತುಂಬಾ ಮೌನ ಅನ್ನಿಸಿತು. ಲೋಟ ಬಿಟ್ಟು ಓಡಿದೆ. ಪರದೆ ಪಕ್ಕಕ್ಕೆ ಎಳೆದೆ. ಹೊಗೆಯಲ್ಲಿ ಸೂರು ಕಾಣುತ್ತಿರಲಿಲ್ಲ. ನನಗೆ ಕೆಮ್ಮು ಬಂತು, ಕೆಮ್ಮಿದೆ, ಉತ್ತರ ಬರಲಿಲ್ಲ. ಕಿಟಕಿ ತೆಗೆದು ಸೆರಗಿನಿಂದ ಬೀಸಿದೆ. ಗಂಡು ಹಕ್ಕಿ ಬಾಗಿಲ ಸಂದಿಯ ಹತ್ತಿರ ನೆಲಕ್ಕೆ ಎದೆಯಾನಿಸಿ ಬಾಯಿ ತೆರೆದು ಕೂತಿತ್ತು. "ಹೊಗೆ ಬಂದ್ರೆ ನೆಲ ಇಡೀಬೇಕು," ಎಂದು ಯಜಮಾನರು ಗಣಿಯ ಕಥೆ ಹೇಳುವಾಗಲೆಲ್ಲ ಹೇಳುತ್ತಿದ್ದರು. ಅದು ಹಿಡಿದಿತ್ತು. ಹೆಣ್ಣು ಕೆಳಗೆ ಬಂದಿರಲಿಲ್ಲ. ಸ್ಟೂಲು ಹತ್ತಿ ನೋಡಿದೆ. ಹೆಲ್ಮೆಟ್ಟಿನೊಳಗೆ ರೆಕ್ಕೆ ಅಗಲಿಸಿ ನಾಲ್ಕು ಮೊಟ್ಟೆಯನ್ನೂ ಮುಚ್ಚಿಕೊಂಡು ಕೂತೇ ಇತ್ತು. ಮುಟ್ಟಿದೆ. ಬಿಸಿ ಇನ್ನೂ ಇತ್ತು, ಜೀವ ಇರಲಿಲ್ಲ.

ಸಂಜೆ ಮೊಮ್ಮಗಳು ಫೋನ್ ಮಾಡಿದಳು. "ಅಜ್ಜಿ, ಒಡೀತಾ?"

"ಇನ್ನೂ ಕಾವು ಕೂತೈತೆ," ಎಂದೆ. ಮಾರನೇ ದಿನವೂ ಅದನ್ನೇ ಹೇಳಿದೆ. ಆ ಹೊತ್ತಿಗೆ ಹೆಣ್ಣೂ ನಾಲ್ಕು ಮೊಟ್ಟೆಯೂ ಹಿತ್ತಲಿನ ಕರಿಬೇವಿನ ಗಿಡದ ಬುಡದ ಮಣ್ಣಿನಲ್ಲಿದ್ದವು. ಗಂಡು ಖಾಲಿ ಹೆಲ್ಮೆಟ್ಟಿನ ಅಂಚಿನ ಮೇಲೆ ಕೂತಿತ್ತು. ಕೂಗಲಿಲ್ಲ. ನವಣೆ ತೆನೆಯನ್ನೂ ಮುಟ್ಟಲಿಲ್ಲ.

ಮೂರನೆಯ ದಿನ ಫೋನ್ ತೆಗೆದುಕೊಂಡು ಕೂತೆ. ಬಾಯಿಯಿಂದ ಆಗದ್ದು ಬೆರಳಿನಿಂದ ಆದೀತೆಂದು. 'ಮರಿ ಬಂತು' ಬಿಟ್ಟು ಬೇರೇನೂ ಅಭ್ಯಾಸವಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿದೆ. 'ಸಾಂಬ್ರಾಣಿ ಹಾಕಿದೆ. ಹೆಣ್ಣು ಸತ್ತಿತು. ನಾನೇ.' ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು.

ಮಧ್ಯಾಹ್ನದ ರೈಲಿಗೇ ಬಂದಳು. ಕಣ್ಣು ಊದಿತ್ತು.

"ಎರಡು ದಿನ ಯಾಕಜ್ಜಿ ಸುಳ್ಳು ಏಳ್ದೆ?"

"ನಿಂಗೆ ಪರೀಕ್ಷೆ ಇತ್ತಲ್ಲ."

"ಪರೀಕ್ಷೆ ನಿನ್ನೇನೇ ಮುಗೀತು."

"ನಿನ್ನೆ ನಂಗೆ ಧೈರ್ಯ ಬರ್ಲಿಲ್ಲ ಕಣವ್ವ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಅವಳು ಕೋಣೆಗೆ ಹೋದಳು, ಮೊದಲು ಬಾಗಿಲು ಹಾಕಿ, ಆಮೇಲೆ ಪರದೆ ಸರಿಸಿ. ಸ್ವಲ್ಪ ಹೊತ್ತಿನ ಮೇಲೆ ಬಂದು, "ಜೊತೆ ಇಲ್ದೆ ಇದು ಉಳಿಯಲ್ಲ ಅಜ್ಜಿ. ಬಂಗಾರಪೇಟೆಯಿಂದ ಇನ್ನೊಂದು ಎಣ್ಣು ತತ್ತೀನಿ. ಅಲ್ಲೀ ತನಕ ಏನಾದ್ರೂ ತಿನ್ಸು," ಎಂದು ಹಾಲು ಕಾಯಿಸಲು ಅಡುಗೆಮನೆಗೆ ಹೋದಳು.

ನಾನು ಮಂಚದ ಮೇಲೆ, ಅವರು ಒರಗುತ್ತಿದ್ದ ಜಾಗದಲ್ಲಿ ಒರಗಿದೆ. ಅಂಗೈಯಲ್ಲಿ ನವಣೆ ಇಟ್ಟುಕೊಂಡು ಕರೆದೆ, ಬರಲಿಲ್ಲ. ಬೈದೆ, ಅದಕ್ಕೂ ಬರಲಿಲ್ಲ. ಕೊನೆಗೆ, ಯಾರೂ ನೋಡುತ್ತಿಲ್ಲವೆಂದು, ಕೆಮ್ಮಿದೆ. ಎರಡು ಸಣ್ಣದು, ಒಂದು ಉದ್ದ. ಐವತ್ತು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ ಕೆಮ್ಮು ಅದು. ಅವರಿದ್ದಾಗ ಅಣಕಿಸಲು ಎಷ್ಟೋ ಸಲ ಕೆಮ್ಮಿ ತೋರಿಸಿದ್ದೆ.

ಹೆಲ್ಮೆಟ್ಟಿನ ಮೇಲಿನಿಂದ "ಟೀಂ" ಎಂದಿತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ತಾತಾ?" ಎಂದಳು ಮೊಮ್ಮಗಳು, ತೀರಾ ಸಣ್ಣ ದನಿಯಲ್ಲಿ.

ಹಾಲು ಉಕ್ಕಿ ಒಲೆಗೆ ಸುರಿಯುವ ಸದ್ದು ಕೇಳಿಸಿತು, ಸೀದ ವಾಸನೆಯೂ ಬಂತು. ಅವಳು ಅಲ್ಲಾಡಲಿಲ್ಲ. ನಾನು ಇನ್ನೊಮ್ಮೆ ಕೆಮ್ಮಿದೆ.